ಹಳಿಯ ಅಗಲ, ಜನರ ದಾರಿ: ಮೈಸೂರು ಸೀಮೆಯ ರೈಲುಗಳ ಕತೆ

1950ರ ಸುಮಾರಿಗೆ ಮಂಗಳೂರಿನವರು ರೈಲಿನಲ್ಲೇ ಬೆಂಗಳೂರಿಗೆ ಬರಬೇಕೆಂದರೆ ಮೊದಲು ದಕ್ಷಿಣಕ್ಕೆ ಹೊರಡಬೇಕಿತ್ತು. ಕಾಸರಗೋಡು, ಕಣ್ಣೂರು, ಕಲ್ಲಿಕೋಟೆ ದಾಟಿ ಶೊರನೂರು. ಅಲ್ಲಿಂದ ಪಾಲಕ್ಕಾಡಿನ ಕಣಿವೆ ಹಾದು ಪೋದನೂರು, ಈರೋಡು, ಸೇಲಂ. ಕೊನೆಗೆ ಜೋಲಾರಪೇಟೆಯಿಂದ ಬೆಂಗಳೂರಿನ ಕಡೆ. ರಸ್ತೆಯಲ್ಲಿ ಮುನ್ನೂರೈವತ್ತು ಕಿಲೋಮೀಟರ್ ಇರುವ ಊರಿಗೆ ಕೇರಳ, ತಮಿಳುನಾಡು ಸುತ್ತಿಕೊಂಡು ಎಂಟುನೂರು ಕಿಲೋಮೀಟರ್ ಆಸುಪಾಸಿನ ಪ್ರಯಾಣ. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ಬೆಂಗಳೂರಿಗೆ 1864ರಲ್ಲೇ ಬಂದಿತ್ತು. ಇವೆರಡನ್ನೂ ನೇರವಾಗಿ ಸೇರಿಸುವ ಹಳಿ ಬಿದ್ದದ್ದು 1979ರಲ್ಲಿ.

ಇದಕ್ಕೆ ಪಶ್ಚಿಮಘಟ್ಟ ಅಡ್ಡ ಇತ್ತು ಎಂಬುದು ಅರ್ಧ ಉತ್ತರ. ನಮ್ಮ ಕಡೆಯ ರೈಲುಗಳನ್ನು ಬೇರೆಬೇರೆಯವರು, ಬೇರೆಬೇರೆ ಉದ್ದೇಶಕ್ಕೆ, ಬೇರೆಬೇರೆ ಅಗಲದಲ್ಲಿ ಹಾಕಿದರು ಎಂಬುದು ಉಳಿದರ್ಧ. ಈ ಅಗಲದ ವಿಷಯವನ್ನು ಇಂಜಿನಿಯರುಗಳ ತಲೆನೋವು ಎಂದು ಬಿಟ್ಟುಬಿಡುವವರೇ ಹೆಚ್ಚು. ಯಾವ ಊರಿನವರು ಎಲ್ಲಿ ಇಳಿದು ಗಂಟುಮೂಟೆ ಹೊತ್ತು ಗಾಡಿ ಬದಲಿಸಬೇಕು, ಯಾವ ಸಂತೆಯ ಮಾಲು ಯಾವ ಬಂದರಿಗೆ ಹೋಗಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸಿತು ಎನ್ನುವುದು ನನ್ನ ಅನಿಸಿಕೆ.

ಗೇಜ್ ಎಂದರೆ ಎರಡು ಕಂಬಿಗಳ ಒಳಅಂಚುಗಳ ನಡುವಿನ ಅಂತರ. ಭಾರತದಲ್ಲಿ ಮೊದಲು ಬಂದದ್ದು ಬ್ರಾಡ್ ಗೇಜ್: 5 ಅಡಿ 6 ಅಂಗುಲ, ಅಂದರೆ 1,676 ಮಿಲಿಮೀಟರ್. ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದ ತೀರ್ಮಾನ ಅದು. ಆಗ ಹಳಿ ಹಾಕುತ್ತಿದ್ದವು ಇಂಗ್ಲೆಂಡಿನ ಖಾಸಗಿ ಕಂಪನಿಗಳು. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇ. 5 ಬಡ್ಡಿ ಸಿಗುವಂತೆ ಸರ್ಕಾರ ಖಾತರಿ ಕೊಟ್ಟಿತ್ತು. ಲಾಭ ಅಷ್ಟು ಬರದಿದ್ದರೆ ಕೊರತೆ ತುಂಬುತ್ತಿದ್ದದ್ದು ಭಾರತದ ತೆರಿಗೆ ಹಣದಿಂದ. ಖರ್ಚು ಎಷ್ಟಾದರೂ ಬಡ್ಡಿ ಬಂದೇ ಬರುತ್ತದೆ ಎಂದ ಮೇಲೆ ಕಂಪನಿಗಳು ಕೈ ಬಿಗಿಹಿಡಿಯಲು ಕಾರಣವೇ ಇರಲಿಲ್ಲ. ಹೊರೆ ಬೆಳೆಯಿತು. 1870ರ ಹೊತ್ತಿಗೆ ವೈಸರಾಯ್ ಮೇಯೋ, ಇನ್ನು ಮುಂದಿನ ಮಾರ್ಗಗಳನ್ನು ಕಡಿಮೆ ಖರ್ಚಿನಲ್ಲಿ, ಕಿರಿದಾದ ಹಳಿಯಲ್ಲಿ ಹಾಕಬೇಕೆಂದು ಹಟ ಹಿಡಿದರು. ದೇಶಕ್ಕೆ ಮೆಟ್ರಿಕ್ ಅಳತೆ ಬರಲಿದೆ ಎಂಬ ನಿರೀಕ್ಷೆಯಲ್ಲಿ ಸರಿಯಾಗಿ ಒಂದು ಮೀಟರ್ ಎಂದು ನಿಗದಿಯಾಯಿತು. ಮೆಟ್ರಿಕ್ ಪದ್ಧತಿ ಬರಲು ಮತ್ತೆ ಎಂಬತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಮೀಟರ್ ಗೇಜ್ ಮಾತ್ರ ಉಳಿದುಕೊಂಡಿತು.

ಹಳಿ ಕಿರಿದಾದರೆ ಎಲ್ಲವೂ ಅಗ್ಗವಾಗುತ್ತದೆ. ಕಂಬಿ ಹಗುರ, ಅಡಿಮರ ಗಿಡ್ಡ, ಸೇತುವೆ ಸಣ್ಣದು, ಗುಡ್ಡದ ಪಕ್ಕ ಬಿಗಿಯಾಗಿ ತಿರುಗಬಹುದು. ಆದರೆ ಒಂದು ಗೇಜಿನ ವ್ಯಾಗನ್ ಇನ್ನೊಂದರ ಮೇಲೆ ಓಡುವುದಿಲ್ಲ. ಎರಡೂ ಸೇರುವ ಜಂಕ್ಷನ್ನಿನಲ್ಲಿ ಒಂದೊಂದು ಮೂಟೆಯನ್ನೂ ಇಳಿಸಿ, ಪಕ್ಕದ ಗಾಡಿಗೆ ಏರಿಸಬೇಕು. ಬೆಂಗಳೂರು, ಗುಂತಕಲ್ಲುಗಳಲ್ಲಿ ಈ ಕೆಲಸ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಹಮಾಲಿಗಳ ಒಂದು ದೊಡ್ಡ ಸಮುದಾಯವೇ ಇದರ ಮೇಲೆ ಬದುಕಿತು. ದಾರಿಯಲ್ಲಿ ಮೂಟೆ ಹರಿದು ಚೆಲ್ಲಿದ ಕಾಳು, ಮಳೆಗೆ ನೆಂದ ಹತ್ತಿ, ತಡವಾಗಿ ಕೊಳೆತ ಹಣ್ಣು ಇವೆಲ್ಲದರ ನಷ್ಟ ಬಿದ್ದದ್ದು ಮಾಲು ಕಳಿಸಿದವರ ತಲೆಗೆ.

ಮದ್ರಾಸ್ ರೈಲ್ವೆಯ ಬ್ರಾಡ್ ಗೇಜ್ ಕವಲು ಜೋಲಾರಪೇಟೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ಬಂದದ್ದು 1864ರ ಆಗಸ್ಟಿನಲ್ಲಿ. ಸ್ಟೇಷನ್ ದಂಡಿನಲ್ಲೇ ಆದದ್ದು ಆಕಸ್ಮಿಕವಲ್ಲ. ಸೈನ್ಯ ಅಲ್ಲಿತ್ತು. ಪೇಟೆಯ ಜನ, ಚಿಕ್ಕಪೇಟೆಯ ವರ್ತಕರು ಅಲ್ಲಿಗೇ ಹೋಗಿ ಹತ್ತಬೇಕಿತ್ತು. ಹನ್ನೆರಡು ವರ್ಷ ಕಳೆದ ಮೇಲೆ ಮೈಸೂರು ಸೀಮೆಗೆ ಧಾತು-ಈಶ್ವರ ಸಂವತ್ಸರಗಳ ಬರ ಬಡಿಯಿತು. 1876ರಿಂದ 1878ರವರೆಗಿನ ಆ ಬರದಲ್ಲಿ ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು, ಐದರಲ್ಲಿ ಒಬ್ಬರ ಲೆಕ್ಕ. ಮದ್ರಾಸಿನಿಂದ ಬೆಂಗಳೂರಿನ ತನಕ ಧಾನ್ಯ ರೈಲಿನಲ್ಲಿ ಬಂತು. ಅಲ್ಲಿಂದ ಮುಂದೆ ಸಾಗಿಸಬೇಕಾಗಿದ್ದದ್ದು ಎತ್ತಿನ ಗಾಡಿಗಳು, ಎತ್ತುಗಳು ಮೇವು ನೀರಿಲ್ಲದೆ ಸಾಯುತ್ತಿದ್ದವು. ಒಂದು ಕಡೆ ಸ್ಟೇಷನ್ನಿನಲ್ಲಿ ಮೂಟೆಗಳ ರಾಶಿ, ಇನ್ನೊಂದು ಕಡೆ ಐವತ್ತು ಮೈಲಿ ದೂರದಲ್ಲಿ ಹಸಿದ ಊರುಗಳು. ಈ ಲೇಖನಕ್ಕಾಗಿ ಓದಿದ್ದರಲ್ಲಿ ಇಷ್ಟು ಸಂಕಟಪಡಿಸಿದ ಸಂಗತಿ ಇನ್ನೊಂದಿಲ್ಲ.

ಬರ ಕಳೆದ ಮೇಲೆ ರೈಲ್ವೆ ಮಾರ್ಗಗಳನ್ನು ಎರಡು ಬಗೆಯಾಗಿ ನೋಡುವ ರೂಢಿ ಬಂತು. ಲಾಭ ತರುವವು ಒಂದು ಬಗೆ. ಲಾಭ ತರದಿದ್ದರೂ ಬರ ಬಂದಾಗ ಕಾಳು ಸಾಗಿಸಲು ಬೇಕೇಬೇಕಾದ ರಕ್ಷಣಾ ಮಾರ್ಗಗಳು ಇನ್ನೊಂದು. 1880ರ ಕ್ಷಾಮ ಆಯೋಗ ಇದನ್ನು ಒತ್ತಿ ಹೇಳಿತು. ಬೆಂಗಳೂರು–ಮೈಸೂರು ಮಾರ್ಗವನ್ನು ಸಂಸ್ಥಾನ ತನ್ನ ಹಣದಿಂದಲೇ ಮೀಟರ್ ಗೇಜಿನಲ್ಲಿ ಹಾಕತೊಡಗಿತು. 1881ರಲ್ಲಿ ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಮುಟ್ಟಿ 1882ರಲ್ಲಿ ರೈಲು ಮೈಸೂರು ತಲುಪಿತು. ಅಧಿಕಾರ ಒಡೆಯರ ಕೈಗೆ ಮರಳಿದ್ದು, ರಂಗಾಚಾರ್ಲು ದಿವಾನರಾದದ್ದು ಇದೇ ಹೊತ್ತಿನಲ್ಲಿ. 1884ರಲ್ಲಿ ತುಮಕೂರಿನತ್ತ ಹಳಿ ಬಿತ್ತು. ಅಲ್ಲಿಗೆ ಬೊಕ್ಕಸ ಬರಿದಾಗಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1886ರಲ್ಲಿ, ಮಾರ್ಗಗಳ ಆಡಳಿತ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಹೋಯಿತು. ಲಂಡನ್ನಿನಲ್ಲಿ ಎತ್ತಿದ ಸಾಲದಿಂದ 1889ಕ್ಕೆ ಹಳಿ ಹರಿಹರ ಮುಟ್ಟಿತು. ಮುಂದೆ 1891ಕ್ಕೆ ನಂಜನಗೂಡು, 1899ಕ್ಕೆ ಬೀರೂರಿನಿಂದ ಶಿವಮೊಗ್ಗ.

ಸದರ್ನ್ ಮರಾಠಾ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ, ಕಾರ್ಯಾಗಾರ ಹುಬ್ಬಳ್ಳಿಯಲ್ಲಿ. ಗದಗ–ಹೋಟಗಿ ಮಾರ್ಗ ಬರದ ನೆಪದಲ್ಲೇ ಹುಟ್ಟಿದ್ದು. ಕಂಪನಿಯ ಕಣ್ಣು ಮಾತ್ರ ಗದಗ, ಹುಬ್ಬಳ್ಳಿ ಸೀಮೆಯ ಹತ್ತಿಯ ಮೇಲಿತ್ತು. ಲೋಂಡಾದಿಂದ ಕ್ಯಾಸಲ್‌ರಾಕ್, ಅಲ್ಲಿಂದ ದೂಧಸಾಗರದ ಘಾಟಿ ಇಳಿದು ಪೋರ್ಚುಗೀಸರ ಮರ್ಮಗೋವಾ ಬಂದರು. ಕಪ್ಪುಮಣ್ಣಿನ ಹತ್ತಿ ಹೀಗೆ ಸಮುದ್ರ ಮುಟ್ಟಿತು. ಬ್ರಿಟಿಷ್ ಮತ್ತು ಪೋರ್ಚುಗೀಸ್ ಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ ಸುಂಕದವರಿಗೆ ತೋರಿಸದೆ ಗೋವಾ ಪ್ರಯಾಣವೇ ಇರಲಿಲ್ಲ. ಹುಬ್ಬಳ್ಳಿಯ ಮಟ್ಟಿಗೆ ರೈಲ್ವೆ ಕಾರ್ಯಾಗಾರ ಊರಿನ ಚಹರೆಯನ್ನೇ ಬದಲಿಸಿತು. ಲೇದು, ಫೋರ್ಜು, ಫಿಟ್ಟರ್, ಬಾಯ್ಲರ್ ಮೇಕರ್ ಎಂಬ ಮಾತುಗಳು ಮನೆಮಾತಾದ ಓಣಿಗಳು ಅಲ್ಲಿ ಬೆಳೆದವು. ಅಪ್ಪನ ಕೆಲಸ ಮಗನಿಗೆ ಎಂಬಂತೆ ಕುಟುಂಬಗಳು ತಲೆಮಾರುಗಟ್ಟಲೆ ರೈಲ್ವೆಯಲ್ಲೇ ಉಳಿದವು.

ಧಾನ್ಯಕ್ಕೆಂದು, ಹತ್ತಿಗೆಂದು, ಸೈನ್ಯಕ್ಕೆಂದು ಹಾಕಿದ ಈ ಹಳಿಗಳ ಮೇಲೆ ಜನ ಇಷ್ಟೊಂದು ಓಡಾಡುತ್ತಾರೆಂದು ಹಾಕಿದವರು ಎಣಿಸಿರಲಿಲ್ಲ. ಥರ್ಡ್ ಕ್ಲಾಸ್ ಡಬ್ಬಿಗಳು ಮೊದಲ ದಿನಗಳಿಂದಲೇ ತುಂಬಿದವು. ಪ್ರಯಾಣಿಕರಿಂದ ಬರುತ್ತಿದ್ದ ಆದಾಯದ ದೊಡ್ಡ ಪಾಲು ಥರ್ಡ್ ಕ್ಲಾಸಿನವರದೇ. ಸೌಕರ್ಯದ ಹಂಚಿಕೆ ಇದಕ್ಕೆ ತದ್ವಿರುದ್ಧ. ಹಲಗೆಯ ಸೀಟು, ಕಿಕ್ಕಿರಿದ ಡಬ್ಬಿ, ಬಹುಕಾಲ ಪಾಯಿಖಾನೆಯೂ ಇರಲಿಲ್ಲ. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದರೆ 1899ರಲ್ಲಿ ಕಟ್ಟಿದ ಮಹಾರಾಣಿಯವರ ಸಲೂನ್ ನೋಡಬಹುದು. ಮಲಗುವ ಕೋಣೆ, ಅಡುಗೆಮನೆ, ಊಟದ ಜಾಗ ಎಲ್ಲವೂ ಹಳಿಯ ಮೇಲೆ. ಎಲ್ಲರೂ ಅದನ್ನೇ ನೋಡಿ ಫೋಟೋ ತೆಗೆದುಕೊಂಡು ಬರುತ್ತಾರೆ. ಆ ಕಾಲದ ಪ್ರಯಾಣದ ನಿಜವಾದ ಅನುಭವ ಮಾತ್ರ ಹಲಗೆ ಸೀಟಿನದು. ಥರ್ಡ್ ಕ್ಲಾಸ್ ಎಂಬ ದರ್ಜೆ ಹೋದದ್ದು 1974ರಲ್ಲಿ.

ಹಲಗೆ ಸೀಟಿನ ಮೇಲೆ ಒಂದು ಸಾಮಾಜಿಕ ಕಸಿವಿಸಿಯೂ ಕೂತಿತ್ತು. ಊರಿನಲ್ಲಿ ಒಂದೇ ಜಗಲಿ ಹತ್ತದವರು ಇಲ್ಲಿ ತೊಡೆಗೆ ತೊಡೆ ತಾಗಿಸಿ ಕೂರಬೇಕು. ಟಿಕೆಟ್ಟಿಗೆ ಜಾತಿ ಇರಲಿಲ್ಲ. ಹಾಗೆಂದು ರೈಲು ಜಾತಿಯನ್ನು ಅಳಿಸಿತು ಎನ್ನಲಾಗದು. ಪ್ಲಾಟ್‌ಫಾರಂನಲ್ಲಿ ಹಿಂದೂಗಳಿಗೆ ಬೇರೆ ನೀರು, ಮುಸ್ಲಿಮರಿಗೆ ಬೇರೆ ನೀರು ಕೊಡುತ್ತಿದ್ದರು. ಊಟದ ಕೋಣೆಗಳೂ ಬೇರೆಬೇರೆ. ಮಡಿಯವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಪ್ರಯಾಣದಷ್ಟು ಹೊತ್ತಿನ ಮಟ್ಟಿಗೆ ನಿಯಮ ಸಡಿಲವಾಗುತ್ತಿತ್ತು, ಇಳಿದ ಮೇಲೆ ಮತ್ತೆ ಬಿಗಿಯಾಗುತ್ತಿತ್ತು. ಆದರೂ ಹಳ್ಳಿ ಬಿಟ್ಟು ಗಣಿಗೋ ಗಿರಣಿಗೋ ಹೋಗಿ ಬೇರೆ ಬದುಕು ಕಟ್ಟಿಕೊಳ್ಳಲು ಕೆಳಜಾತಿಯ ಕುಟುಂಬಗಳಿಗೆ ದಾರಿ ತೆರೆದದ್ದು ಇದೇ ಟಿಕೆಟ್ಟು. ಕೋಲಾರದ ಚಿನ್ನದ ಗಣಿಯ ಲೈನುಗಳಲ್ಲಿ ನೆಲೆಸಿದವರ ಕತೆ ಬಹುಪಾಲು ಹೀಗೇ ಶುರುವಾಗುತ್ತದೆ.

ಪ್ಲಾಟ್‌ಫಾರಂ ತಿಂಡಿಗೂ ಇಂಜಿನ್ನಿಗೂ ನೇರ ನಂಟು. ಉಗಿ ಇಂಜಿನ್ನಿಗೆ ಕಲ್ಲಿದ್ದಲಿಗಿಂತ ಬೇಗ ಮುಗಿಯುವುದು ನೀರು. ಮಾರ್ಗದುದ್ದಕ್ಕೂ ಅಲ್ಲಲ್ಲಿ ಟ್ಯಾಂಕು ಕಟ್ಟಿ, ಸೊಂಡಿಲಿನಂಥ ಕೊಳವೆ ನಿಲ್ಲಿಸಿ, ನೀರು ತುಂಬಿಸಿಕೊಂಡೇ ಮುಂದೆ ಹೋಗಬೇಕು. ಗಾಡಿ ಅಷ್ಟು ಹೊತ್ತು ನಿಂತಾಗ ಜನ ಇಳಿಯುತ್ತಾರೆ, ಹಸಿವಾಗುತ್ತದೆ, ಮಾರುವವರು ಬರುತ್ತಾರೆ. ಮದ್ದೂರು ವಡೆ 1917ರ ಸುಮಾರಿಗೆ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲೇ ಹುಟ್ಟಿತೆಂದು ಹೇಳುತ್ತಾರೆ. ಗಾಡಿ ಹೊರಡುವುದರೊಳಗೆ ಏನಾದರೂ ಕೊಡಬೇಕಾದ ಧಾವಂತದಲ್ಲಿ ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಕಲಸಿ ತಟ್ಟಿ ಎಣ್ಣೆಗೆ ಬಿಟ್ಟದ್ದು. ಉದ್ದು ನೆನೆಸಿ ರುಬ್ಬುವ ಕೆಲಸವಿಲ್ಲ, ಕಾಗದದಲ್ಲಿ ಸುತ್ತಿ ಕಿಟಕಿಗೆ ಕೊಟ್ಟರೆ ಸಾರು ಚಟ್ನಿ ಚೆಲ್ಲುವ ಭಯವಿಲ್ಲ, ಮೈಸೂರು ಮುಟ್ಟುವವರೆಗೂ ಗರಿಗರಿ.

ರೈಲು ತಂದದ್ದೆಲ್ಲ ಒಳ್ಳೆಯದಲ್ಲ. 1898ರಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದದ್ದು ಇದೇ ಹಳಿಯಗುಂಟ. ಸ್ಟೇಷನ್ನುಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಮೈ ಮುಟ್ಟಿ ಪರೀಕ್ಷಿಸತೊಡಗಿದಾಗ, ಅದರಲ್ಲೂ ಹೆಂಗಸರನ್ನು, ಜನ ಕುದಿದುಹೋದರು.

ಮೀಟರ್ ಗೇಜಿನ ಒಂದೇ ಹಳಿಯ ಮೇಲೆ ಎದುರುಬದುರು ಗಾಡಿಗಳು ಹೇಗೆ ಓಡುತ್ತಿದ್ದವು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಷ್ಟು ಸರಳವಾದ, ಇಷ್ಟು ಭದ್ರವಾದ ವ್ಯವಸ್ಥೆ ಅಪರೂಪ. ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಕಬ್ಬಿಣದ ಯಂತ್ರ. ಅದರೊಳಗೆ ಉಕ್ಕಿನ ಗುಂಡುಗಳು. ಎರಡೂ ಯಂತ್ರಗಳಿಗೆ ತಂತಿಯ ಸಂಪರ್ಕ. ಈ ಕಡೆಯ ಸ್ಟೇಷನ್ ಮಾಸ್ಟರ್ ಗಂಟೆ ಬಾರಿಸಿ ಕೇಳಬೇಕು, ಆ ಕಡೆಯವರು ಒಪ್ಪಿ ವಿದ್ಯುತ್ ಬಿಟ್ಟರೆ ಮಾತ್ರ ಒಂದು ಗುಂಡು ಹೊರಬರುತ್ತದೆ. ಅದು ಹೊರಗಿರುವಷ್ಟು ಹೊತ್ತು ಎರಡೂ ಕಡೆ ಇನ್ನೊಂದು ಗುಂಡು ಬರುವುದಿಲ್ಲ, ಯಂತ್ರ ಬಿಡುವುದಿಲ್ಲ. ಆ ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡಬೇಕು. ಗುಂಡು ಕೈಯಲ್ಲಿಲ್ಲದೆ ಗಾಡಿ ಆ ಹಳಿಗೆ ಇಳಿಯುವಂತಿಲ್ಲ. ನಿಲ್ಲದ ಗಾಡಿಯಾದರೆ ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ತುದಿಯಲ್ಲಿ ಬಳೆ ಎತ್ತಿ ಹಿಡಿದು ನಿಲ್ಲುತ್ತಿದ್ದ. ಇಂಜಿನ್ನಿನಿಂದ ಬಾಗಿದ ಫೈರ್‌ಮನ್ ತೋಳು ಚಾಚಿ ಬಳೆಯನ್ನು ಮೊಣಕೈಗೆ ಸಿಕ್ಕಿಸಿಕೊಳ್ಳುತ್ತಿದ್ದ, ಹಿಂದಿನ ಸ್ಟೇಷನ್ನಿನ ಬಳೆಯನ್ನು ಕೆಳಗೆ ಎಸೆಯುತ್ತಿದ್ದ. ರಾತ್ರಿಯಾದರೆ ಪಂಜು ಹಿಡಿದು ಇದೇ ಕೆಲಸ. ಒಂದು ಕ್ಷಣ ತಪ್ಪಿದರೆ ಗಾಡಿ ನಿಲ್ಲಿಸಿ ಇಳಿದು ಹುಡುಕಬೇಕು. ಕ್ರಾಸಿಂಗಿಗೆ ಕಾದು ಕೂತ ಪ್ಯಾಸೆಂಜರ್ ಗಾಡಿಯವರು ಬೈದುಕೊಳ್ಳುತ್ತಿದ್ದ ಅರ್ಧ ಗಂಟೆಯ ಹಿಂದೆ ಇದ್ದದ್ದು ಎದುರಿನಿಂದ ಬರಬೇಕಾದ ಈ ಗುಂಡು.

ಇನ್ನು ನ್ಯಾರೋ ಗೇಜ್. ದೊಡ್ಡ ಕಂಪನಿಗಳಿಗೆ ಆಸಕ್ತಿಯಿಲ್ಲದ ತಾಲ್ಲೂಕುಗಳಿಗೆ ರೈಲು ಬೇಕೆಂದರೆ ಉಳಿದಿದ್ದ ದಾರಿ ಇದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಸಂಸ್ಥಾನ ತಾನೇ ಮಾರ್ಗ ಕಟ್ಟಲು ಮುಂದಾಯಿತು. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಮೀಟರ್ ಗೇಜ್ ಹಾಕಿದ್ದು ಆ ದಶಕದಲ್ಲೇ. ಕೋಲಾರ ಸೀಮೆಗೆ ಎರಡೂವರೆ ಅಡಿಯ ಹಳಿ ಬಂತು: 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ, ಮುಂದೆ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಕ್ಕೆ. ಅತ್ತ ಯಶವಂತಪುರದಿಂದ ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ಪುಟ್ಟ ಮಾರ್ಗ. ತರೀಕೆರೆಯಿಂದ ನರಸಿಂಹರಾಜಪುರದ ಕಾಡಿಗೆ ಎರಡೇ ಅಡಿಯ ಟ್ರಾಮ್. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಬೇಕಿದ್ದದ್ದು ಕಲ್ಲಿದ್ದಲಲ್ಲ, ಮರದ ಇದ್ದಿಲು. ಮಲೆನಾಡಿನ ಮರ ಬೆಂಕಿಗೆ ಹೋದದ್ದು ಇಂಥ ಪುಟ್ಟ ಹಳಿಗಳ ಮೇಲೆ.

ಈ ಗಾಡಿಗಳ ವೇಗವನ್ನು ಹಾಸ್ಯ ಮಾಡುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಅವುಗಳಿಗೆ ಪೈಪೋಟಿ ಎಕ್ಸ್‌ಪ್ರೆಸ್ ಗಾಡಿಯಾಗಿರಲಿಲ್ಲ, ಕಾಲ್ನಡಿಗೆ ಮತ್ತು ಎತ್ತಿನ ಗಾಡಿ. ರೇಷ್ಮೆಗೂಡಿನ ಬುಟ್ಟಿ ಹೊತ್ತು ಶಿಡ್ಲಘಟ್ಟದ ಸಂತೆಗೆ ಹೋಗುವವರಿಗೆ ಗಾಡಿ ತಮ್ಮೂರಿನ ಹತ್ತಿರ ನಿಲ್ಲುತ್ತದೆ ಎಂಬುದೇ ಮುಖ್ಯ. ಪ್ರಯಾಣಿಕರ ಡಬ್ಬಿಗೆ ಗೂಡ್ಸ್ ಡಬ್ಬಿ ಸೇರಿಸಿ ಓಡಿಸುತ್ತಿದ್ದ ಮಿಕ್ಸೆಡ್ ಗಾಡಿಗಳಲ್ಲಿ ಮಾಲು ಏರಿಸಿ ಇಳಿಸುವವರೆಗೆ ಕಾಯಬೇಕಿತ್ತು. ಆ ಮಾಲು ಬಹಳ ಸಲ ಹತ್ತಿದವರದೇ.

ಸಂಸ್ಥಾನ ತನ್ನ ಮಾರ್ಗಗಳ ಆಡಳಿತವನ್ನು ಕಂಪನಿಯಿಂದ 1919ರಲ್ಲಿ ಒಂದಷ್ಟು, 1938ರಲ್ಲಿ ಮತ್ತಷ್ಟು ವಾಪಸು ಪಡೆಯಿತು. ಶಿವಮೊಗ್ಗದಿಂದ ಸಾಗರ, ತಾಳಗುಪ್ಪದ ಕಡೆ ಹಳಿ ಮುಂದುವರಿದದ್ದೂ 1930ರ ದಶಕದಲ್ಲೇ, ಜೋಗದ ವಿದ್ಯುತ್ ಯೋಜನೆಗೂ ಅಡಿಕೆ, ಮರದ ಸಾಗಣೆಗೂ ಅನುಕೂಲವಾಗುವಂತೆ. 1950ರಲ್ಲಿ ಮೈಸೂರು ಸ್ಟೇಟ್ ರೈಲ್ವೆ ಕೇಂದ್ರಕ್ಕೆ ಸೇರಿತು, ಮರುವರ್ಷ ಏಪ್ರಿಲಿನಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು. ಹುಬ್ಬಳ್ಳಿಯನ್ನೇ ಕೇಂದ್ರ ಮಾಡಿಕೊಂಡ ನೈಋತ್ಯ ರೈಲ್ವೆ ಬರಲು 2003ರ ತನಕ ಕಾಯಬೇಕಾಯಿತು.

ಹಾಸನ–ಮಂಗಳೂರು ಮಾರ್ಗವನ್ನು 1979ರಲ್ಲಿ ಮುಗಿಸಿದ್ದು ಮೀಟರ್ ಗೇಜಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಐವತ್ತೈದು ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಇಷ್ಟು ಕಷ್ಟಪಟ್ಟು ಹಾಕಿದ ಹಳಿ ಹದಿನೇಳೇ ವರ್ಷ ಓಡಿತು. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಬ್ರಾಡ್ ಗೇಜಿಗೆ ತರುವ ಯೂನಿಗೇಜ್ ಯೋಜನೆ ಶುರುವಾಯಿತು. 1996ರಲ್ಲಿ ಘಾಟಿ ಮಾರ್ಗ ಮುಚ್ಚಿತು. ಗೂಡ್ಸ್ ಗಾಡಿ ಮತ್ತೆ ಹತ್ತಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷದಲ್ಲಿ ಒಂದು ತಲೆಮಾರಿನ ವಿದ್ಯಾರ್ಥಿಗಳು, ನೌಕರರು ರಾತ್ರಿ ಬಸ್ಸಿಗೆ ಒಗ್ಗಿಹೋಗಿದ್ದರು.

ಯೂನಿಗೇಜ್ ಬೇಡವಿತ್ತೆಂದು ನಾನು ಹೇಳುವುದಿಲ್ಲ. ಹುಬ್ಬಳ್ಳಿಯಿಂದ ಹತ್ತಿದವರು ಬೆಂಗಳೂರಿನಲ್ಲಿ ಇಳಿಯದೆ ಚೆನ್ನೈಗೆ ಹೋಗಬಹುದು, ವ್ಯಾಗನ್ ಬಿಚ್ಚದೆ ಅದಿರು, ಸಿಮೆಂಟು, ಗೊಬ್ಬರ ಸಾಗುತ್ತದೆ. ಆದರೆ ಪರಿವರ್ತನೆಯ ಖರ್ಚು ಲೆಕ್ಕ ಹಾಕಿದವರು ಮಾರ್ಗ ಮುಚ್ಚಿದ ವರ್ಷಗಳಲ್ಲಿ ಜನ ಬಸ್ಸಿಗೆ ಸುರಿದ ಹಣವನ್ನು ಯಾವ ಕಾಲಂನಲ್ಲೂ ಬರೆಯಲಿಲ್ಲ. ತೆರೆದ ಮೇಲೂ ಗಾಡಿ ದೂರದೂರಿನದಾಯಿತು, ನಡುವಿನ ಹಾಲ್ಟುಗಳು ಕೈಬಿಟ್ಟವು. ಶಿವಮೊಗ್ಗ–ತಾಳಗುಪ್ಪದಲ್ಲಿ ಕೊನೆಗಾಲಕ್ಕೆ ರೈಲ್‌ಬಸ್ ಒಂದು ಓಡುತ್ತಿತ್ತು, ಹೆಚ್ಚುಕಡಿಮೆ ಬಸ್ಸಿಗೇ ರೈಲಿನ ಗಾಲಿ ಹಾಕಿದ ಹಾಗೆ. ತಾಳಗುಪ್ಪಕ್ಕೆ ಬ್ರಾಡ್ ಗೇಜ್ ಬಂದದ್ದು 2011ರಲ್ಲಿ.

ಹಳಿಯ ಅಗಲ ಊರಿನ ಪಾಡನ್ನು ಹೇಗೆ ಬದಲಿಸುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಬಂಗಾರಪೇಟೆಯನ್ನು. ಅಲ್ಲಿಂದ ಎರಡು ಕವಲು ಹೊರಟವು. 1894ರಲ್ಲಿ ಮಾರಿಕುಪ್ಪಕ್ಕೆ ಹದಿನಾರು ಕಿಲೋಮೀಟರಿನ ಒಂದು, ಚಿನ್ನದ ಗಣಿಗೆ. 1913ರಲ್ಲಿ ಕೋಲಾರಕ್ಕೆ ಹೆಚ್ಚುಕಡಿಮೆ ಅಷ್ಟೇ ಉದ್ದದ ಇನ್ನೊಂದು. ಗಣಿಗೆ ಕಲ್ಲಿದ್ದಲು, ಭಾರದ ಯಂತ್ರಗಳು ಮದ್ರಾಸಿನಿಂದ ವ್ಯಾಗನ್ ಬದಲಿಸದೆ ಬರಬೇಕಿತ್ತು, ಹಾಗಾಗಿ ಮೊದಲಿಂದಲೇ ಬ್ರಾಡ್ ಗೇಜ್. ಕೋಲಾರಕ್ಕೆ ಬೇಕಾಗಿದ್ದದ್ದು ಅಗ್ಗದ ಸಾಗಣೆ, ಹಾಗಾಗಿ ನ್ಯಾರೋ ಗೇಜ್. ಜಿಲ್ಲಾ ಕೇಂದ್ರವಾದರೂ ಕೋಲಾರದವರು ಬೆಂಗಳೂರಿಗೆ ಹೋಗಲು ಬಂಗಾರಪೇಟೆಯಲ್ಲಿ ಗಾಡಿ ಬದಲಿಸಬೇಕಿತ್ತು. 1990ರ ದಶಕದಲ್ಲಿ ಆ ನ್ಯಾರೋ ಗೇಜ್ ನಿಂತಿತು, ಕೋಲಾರದಿಂದ ಚಿಕ್ಕಬಳ್ಳಾಪುರದ ತನಕ ಮತ್ತೆ ಗಾಡಿ ಓಡಿದ್ದು 2013ರ ನವೆಂಬರಿನಲ್ಲಿ. ಅಷ್ಟರಲ್ಲಿ ಕೋಲಾರದ ಜನ ಪೂರ್ತಿಯಾಗಿ ಹೆದ್ದಾರಿಗೆ ಹೊರಳಿಕೊಂಡಿದ್ದರು.

ಮಾರಿಕುಪ್ಪದ ಕವಲು ಗೇಜ್ ಬದಲಾವಣೆಗೆಂದು ಒಂದು ದಿನವೂ ಮುಚ್ಚಬೇಕಾಗಲಿಲ್ಲ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿ, ಸಾವಿರಾರು ಮನೆಗಳ ಸಂಬಳ ಒಮ್ಮೆಲೇ ನಿಂತಾಗ ಕೆಜಿಎಫ್ ಜನರ ಕೈಯಲ್ಲಿ ಉಳಿದಿದ್ದದ್ದು ಈ ಹಳಿ. ಕಂಪನಿಯ ಕಲ್ಲಿದ್ದಲಿಗೆಂದು ಹಾಕಿದ ಮಾರ್ಗದಲ್ಲಿ ಗಣಿ ಕಾರ್ಮಿಕರ ಮಕ್ಕಳು ಸೀಸನ್ ಪಾಸ್ ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೊರಟರು. ಬೆಳಗಿನ ಜಾವದ ಗಾಡಿಗೆ ಹೋದವರು ರಾತ್ರಿ ಊಟದ ಹೊತ್ತಿಗೆ ವಾಪಸು. ಸೆಕ್ಯುರಿಟಿ ಗಾರ್ಡ್, ಅಂಗಡಿ ಕೆಲಸದವರು, ನರ್ಸುಗಳು, ಕಾಲೇಜು ಹುಡುಗರು ಎಲ್ಲರೂ ಅದರಲ್ಲೇ. ಗಾಡಿ ಅರ್ಧ ಗಂಟೆ ತಡವಾದರೆ ಅರ್ಧ ದಿನದ ಸಂಬಳ ಹೋಗುವ ಜನ ಅವರು. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಅವರ ಗಾಡಿಯನ್ನು ಲೂಪ್ ಲೈನಿಗೆ ತಳ್ಳಿ ನಿಲ್ಲಿಸಬೇಡಿ ಎಂಬುದು ಅವರ ಬೇಡಿಕೆ. ಟೈಂಟೇಬಲ್ ಮಾಡುವವರು ಮೊದಲು ಓದಬೇಕಾದ ಅರ್ಜಿ ಅದು.